ಹಿಟಾಚಿ ಆಪರೇಟರ್‌ಗೆ ಲೈಸೆನ್ಸ್ ಕೊಡುವವರು ಯಾರು? ಹೊಸ ಸಂಹಿತೆ ಮತ್ತು ಕರಾವಳಿಯ ಕಟ್ಟಡ ಸೈಟುಗಳು

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಒಟ್ಟಿಗೇ ಜಾರಿಗೆ ತಂದಿತು. ಪತ್ರಿಕೆ, ಟಿವಿಗಳಲ್ಲಿ ಚರ್ಚೆ ನಡೆದದ್ದು ಹೆಚ್ಚಾಗಿ ಸಂಬಳ, ಪಿಎಫ್, ಗ್ರಾಚ್ಯುಟಿ ಬಗ್ಗೆ. ಕಟ್ಟಡ ಕಾರ್ಮಿಕರಿಗೆ ಸಂಬಂಧಿಸಿದ 1996ರ ಕಾಯ್ದೆಯೂ ಅದೇ ದಿನ ಹೊಸ ಚೌಕಟ್ಟಿನೊಳಗೆ ಸೇರಿಹೋಯಿತು ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ಗುಡ್ಡ ಕಡಿದು ಅಪಾರ್ಟ್‌ಮೆಂಟ್ ಎಬ್ಬಿಸುವ ಮಂಗಳೂರು, ಮಣಿಪಾಲದಂಥ ಊರುಗಳಿಗೆ ಮಾತ್ರ ಇದು ಸಣ್ಣ ಬದಲಾವಣೆಯಲ್ಲ. ಗಂಟೆ ಬಾಡಿಗೆಗೆ ಬಂದ ಯಂತ್ರ ಮಗುಚಿದರೆ ಜವಾಬ್ದಾರಿ ಯಾರದು, ಆಪರೇಟರ್‌ಗೆ ಯಾವ ಲೈಸೆನ್ಸ್ ಬೇಕು, ಸ್ವಂತ ಮನೆಗೆ ಧರೆ (ಗುಡ್ಡದ ಓರೆ) ಕಡಿಸುವವರಿಗೆ ಇದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗಳಿಗೆ ಸೈಟಿನಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ.

ಗೊಂದಲಕ್ಕೆ ಕಾರಣವಿದೆ. ಕಾನೂನು ಒಂದೇ ಕಡೆ ಇಲ್ಲ. ಯಂತ್ರದ ಕೆಳಗಿನ ಮಣ್ಣಿನ ಬಗ್ಗೆಯಂತೂ ಯಾವ ಲೈಸೆನ್ಸೂ ಏನೂ ಹೇಳುವುದಿಲ್ಲ.

ಹಳೆಯದು ಹೋಯಿತೇ?

ಆ ನಾಲ್ಕರಲ್ಲಿ 1996ರ ಕಾಯ್ದೆಯನ್ನು ಒಳಗೊಂಡ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2020ರಲ್ಲಿ, ಜಾರಿಯಾದದ್ದು ಐದು ವರ್ಷದ ಮೇಲೆ. ಸಂಹಿತೆ ಹೇಳುವುದು ತತ್ವವನ್ನು. ಎಷ್ಟು ಆಳಕ್ಕೆ ಆನಿಕೆ ಕೊಡಬೇಕು, ಕ್ರೇನ್ ಪರೀಕ್ಷೆ ಯಾರು ಮಾಡಬೇಕು ಎಂಬ ವಿವರವೆಲ್ಲ ನಿಯಮಗಳಲ್ಲಿ ಬರುತ್ತದೆ. ಹೊಸ ನಿಯಮಗಳು ಜಾಗ ತುಂಬುವವರೆಗೆ, ಸಂಹಿತೆಗೆ ವಿರುದ್ಧವಾಗದಷ್ಟರ ಮಟ್ಟಿಗೆ ಹಳೆಯ ನಿಯಮಗಳೇ ನಡೆಯುತ್ತವೆ. ಆದ್ದರಿಂದ "1996ರ ಕಾಯ್ದೆಯೇ ಇಲ್ಲ, ಇನ್ನು ಸುರಕ್ಷತಾ ನಿಯಮವೂ ಇಲ್ಲ" ಎನ್ನುವ ಗುತ್ತಿಗೆದಾರ ತಪ್ಪು ತಿಳಿದಿದ್ದಾನೆ, ಇಲ್ಲವೇ ತಿಳಿದೂ ಹೇಳುತ್ತಿದ್ದಾನೆ.

ಬದಲಾದದ್ದು ಮುಖ್ಯವಾಗಿ ಮೂರು. ಸುರಕ್ಷತಾ ಅಧಿಕಾರಿಯನ್ನು ನೇಮಿಸಲೇಬೇಕಾದ ಮಿತಿ 500 ಕಾರ್ಮಿಕರಿಂದ 250ಕ್ಕೆ ಇಳಿಯಿತು. ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಆ ದಂಡದ ಅರ್ಧಕ್ಕಾದರೂ ಕಡಿಮೆಯಾಗದಷ್ಟು ಹಣವನ್ನು ಮೃತರ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ಮೂರನೆಯದು ಸಾಮಾನ್ಯ ಜನರಿಗೆ ನೇರ ತಟ್ಟುವಂಥದ್ದು: ಸ್ವಂತ ವಾಸದ ಮನೆ ಕಟ್ಟುವವರಿಗಿದ್ದ ವಿನಾಯಿತಿಯ ಮಿತಿ 10 ಲಕ್ಷದಿಂದ 50 ಲಕ್ಷ ರೂಪಾಯಿಗೆ ಏರಿತು.

ಈ ಮೂರನೆಯದರ ಪರಿಣಾಮವನ್ನು ಕರಾವಳಿಯಲ್ಲಿ ನಿಂತು ನೋಡಬೇಕು. ಬಯಲುಸೀಮೆಯಲ್ಲಿ 40 ಲಕ್ಷದ ಮನೆಗೆ ಸಮತಟ್ಟು ಸೈಟಿನಲ್ಲಿ ಪಾಯ ತೋಡಿದರೆ ಮುಗಿಯಿತು. ಇಲ್ಲಿ ಅದೇ 40 ಲಕ್ಷದ ಮನೆಗಾಗಿ ಹಿಟಾಚಿ ತರಿಸಿ, ನಾಲ್ಕೈದು ಮೀಟರ್ ಧರೆ ಕಡಿದು, ಮನೆಯ ಹಿಂಬದಿಗೆ ನೆಟ್ಟಗೆ ನಿಂತ ಮಣ್ಣಿನ ಗೋಡೆ ಉಳಿಸಿಕೊಳ್ಳುತ್ತಾರೆ. ಮನೆ ಸಣ್ಣದು, ಅಗೆತ ದೊಡ್ಡದು. ಹೆಚ್ಚು ಅಪಾಯದ ಕೆಲಸವೇ ಕಾನೂನಿನ ಕಣ್ಣಿಂದ ಜಾರಿಹೋಗುವ ಜಾಗ ಇದು.

ಚಕ್ರಕ್ಕೊಂದು ಕಾನೂನು, ಚೈನಿಗೊಂದು

ಎಕ್ಸ್‌ಕವೇಟರ್‌ಗೆ ನಮ್ಮಲ್ಲಿ ಹಿಟಾಚಿ ಎನ್ನುತ್ತೇವೆ, ಬ್ಯಾಕ್‌ಹೋ ಲೋಡರ್‌ಗೆ ಜೆಸಿಬಿ. ಕಂಪನಿ ಯಾವುದೇ ಇರಲಿ. ಆಡುಮಾತಿಗೆ ಎರಡೂ ಮಣ್ಣು ತೆಗೆಯುವ ಯಂತ್ರ. ಕಾನೂನಿಗೆ ಹಾಗಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 'ನಿರ್ಮಾಣ ಉಪಕರಣ ವಾಹನ' ಎಂಬ ವರ್ಗವಿದೆ. ರಬ್ಬರ್ ಟೈರ್, ರಬ್ಬರ್ ಪ್ಯಾಡ್ ಅಥವಾ ಉಕ್ಕಿನ ಡ್ರಮ್ ಮೇಲೆ ಓಡುವ ಬ್ಯಾಕ್‌ಹೋ, ಲೋಡರ್, ಮೊಬೈಲ್ ಕ್ರೇನ್, ರೋಲರ್ ಮುಂತಾದವು ಅದರೊಳಗೆ ಬರುತ್ತವೆ. ಇವು ಸಾರಿಗೆಯೇತರ ವಾಹನಗಳು, ಅಂದರೆ ಬಾಡಿಗೆಗೆ ಜನ, ಸರಕು ಸಾಗಿಸುವಂಥವಲ್ಲ. ರಸ್ತೆಯ ಮೇಲಿನ ಓಡಾಟ ಅಲ್ಪಾವಧಿಯದು, ವೇಗ ಗಂಟೆಗೆ 50 ಕಿಲೋಮೀಟರ್ ಮೀರುವಂತಿಲ್ಲ. ಆದ್ದರಿಂದ ಜೆಸಿಬಿಗೆ ಆರ್‌ಟಿಒ ನೋಂದಣಿ, ವಿಮೆ, ನಡೆಸುವವನಿಗೆ ಲೈಸೆನ್ಸ್ ಎಲ್ಲವೂ ಬೇಕು. ಚೈನ್ ಮೇಲೆ ತೆವಳುವ ಹಿಟಾಚಿ ಈ ವ್ಯಾಖ್ಯೆಯಲ್ಲೇ ಇಲ್ಲ. ಅದು ಟ್ರೇಲರ್ ಹತ್ತಿ ಬರುತ್ತದೆ, ಟ್ರೇಲರ್ ಹತ್ತಿ ಹೋಗುತ್ತದೆ, ನಂಬರ್ ಪ್ಲೇಟೂ ಇರುವುದಿಲ್ಲ. ಏಳೂವರೆ ಟನ್ ಆಸುಪಾಸಿನ ಜೆಸಿಬಿಗೆ ಲೈಸೆನ್ಸ್ ಕೇಳುವ ವ್ಯವಸ್ಥೆಯಲ್ಲಿ 20 ಟನ್ನಿನ ಹಿಟಾಚಿ ನಡೆಸುವವನಿಗೆ ಆರ್‌ಟಿಒ ಕೊಡುವ ಲೈಸೆನ್ಸೇ ಇಲ್ಲ.

ಇದಕ್ಕೆ ಇನ್ನೊಂದು ಎಳೆ ಸೇರಿಕೊಂಡಿತು. 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸ್ ಇದ್ದವರೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿತು. ಹಾಗಾದರೆ ಕಾರ್ ಲೈಸೆನ್ಸಿನಲ್ಲೇ ಜೆಸಿಬಿ ನಡೆಸಬಹುದು ಎಂದು ಕೆಲವರು ತೀರ್ಮಾನಿಸಿಬಿಟ್ಟರು. ಆ ತೀರ್ಪಿನ ವಿಷಯ ಸಾರಿಗೆ ವಾಹನ, ಜೆಸಿಬಿ ಸಾರಿಗೆಯೇತರ. ಮೇಲಾಗಿ ಕಲ್ಲೊಡೆಯುವ ಬ್ರೇಕರ್, ದೊಡ್ಡ ಬಕೆಟ್ ಹಾಕಿದ ಯಂತ್ರದ ತೂಕ ಆ ಗೆರೆಯನ್ನು ದಾಟಿಬಿಡಬಹುದು. ಅಪಘಾತವಾದ ದಿನ ವಿಮಾ ಕಂಪನಿಯ ವಕೀಲರು ಹಿಡಿದುಕೊಳ್ಳುವುದು ಇಂಥ ಎಳೆಗಳನ್ನೇ. ಲೈಸೆನ್ಸಿನಲ್ಲಿ ಯಂತ್ರದ ವರ್ಗ ನಮೂದಾಗಿದೆಯೇ ಎಂದು ನೋಡಿಕೊಂಡರೆ ಈ ವಾದಕ್ಕೆ ಎಡೆಯಿಲ್ಲ.

ಹಿಟಾಚಿಗೆ ಹಾಗಾದರೆ ಏನು ಆಧಾರ? ಇನ್‌ಫ್ರಾಸ್ಟ್ರಕ್ಚರ್ ಇಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್ ಎಂಬ ಕೌಶಲ ಮಂಡಳಿ ಆಪರೇಟರ್‌ಗಳಿಗೆ ಪ್ರಮಾಣಪತ್ರ ಕೊಡುತ್ತದೆ. ವರ್ಷಗಟ್ಟಲೆ ಕೆಲಸ ಮಾಡಿ ಕಲಿತವರ ಪರಿಣತಿಯನ್ನೂ ಪರೀಕ್ಷಿಸಿ ಮಾನ್ಯ ಮಾಡುವ ದಾರಿ ಅದರಲ್ಲಿದೆ. ದೊಡ್ಡ ಗುತ್ತಿಗೆಗಳಲ್ಲಿ ಇದನ್ನು ಕೇಳುತ್ತಾರೆ. ಸಣ್ಣ ಸೈಟಿನಲ್ಲಿ ಆಪರೇಟರ್ ತಯಾರಾಗುವ ಬಗೆ ಬೇರೆ: ಹೆಲ್ಪರ್ ಆಗಿ ಬಂದವನು ಗ್ರೀಸ್ ಹೊಡೆಯುತ್ತ, ಡೀಸೆಲ್ ತುಂಬುತ್ತ, ಊಟದ ಹೊತ್ತಿನಲ್ಲಿ ಲಿವರ್ ಹಿಡಿದು ಕಲಿಯುತ್ತಾನೆ. ಕೈ ಬೇಗ ಪಳಗುತ್ತದೆ. ಮಣ್ಣು ಓದುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ.

ಮೇಲೆ ಮುರ, ಕೆಳಗೆ ಶೇಡಿ

ಕರಾವಳಿಯ ಗುಡ್ಡಗಳ ರಚನೆ ಗೊತ್ತಿಲ್ಲದೆ ಇಲ್ಲಿನ ಯಂತ್ರ ಅಪಘಾತ ಅರ್ಥವಾಗುವುದಿಲ್ಲ. ಮೇಲಿನ ಪದರ ಮುರಕಲ್ಲು (ಲ್ಯಾಟರೈಟ್ ಎಂಬ ಕೆಂಪುಕಲ್ಲು), ಗಟ್ಟಿ. ಅದರ ಕೆಳಗೆ ಬಿಳಿ, ನಸುಗೆಂಪು, ಹಳದಿ ಛಾಯೆಯ ಶೇಡಿ ಮಣ್ಣು. ಬೇಸಿಗೆಯಲ್ಲಿ ಶೇಡಿ ನೆಟ್ಟಗೆ ಕಡಿದರೂ ನಿಲ್ಲುತ್ತದೆ, ಬಕೆಟ್ಟಿಗೆ ಸಲೀಸಾಗಿ ಬರುತ್ತದೆ. ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಮುರಕಲ್ಲಿನ ಬಾವಿಗಳು ರಿಂಗ್ ಇಲ್ಲದೆಯೇ ತಲೆಮಾರುಗಳಿಂದ ನಿಂತಿವೆಯಲ್ಲ ಎಂಬ ವಾದ ಆಗಾಗ ಕೇಳಿಬರುತ್ತದೆ. ಬಾವಿ ದುಂಡಗಿರುವುದರಿಂದ ಸುತ್ತಲಿನ ಮಣ್ಣು ಒಂದಕ್ಕೊಂದು ಆತುಕೊಂಡು ನಿಲ್ಲುತ್ತದೆ. ಶೇಡಿ ಸಿಕ್ಕಿದಲ್ಲಿ ಬಾವಿಗೂ ರಿಂಗ್ ಇಳಿಸುತ್ತಾರೆ. ತಳಮಹಡಿಗೆ ತೋಡಿದ 30 ಮೀಟರ್ ಉದ್ದದ ನೇರ ಗೋಡೆಗೆ ಆ ಅನುಕೂಲವಿಲ್ಲ.

ಈಗ ಯಂತ್ರದ ಕೆಲಸ ಗಮನಿಸಿ. ಮುರಕಲ್ಲು ಒಡೆಯಲು ಬ್ರೇಕರ್ ಬೇಕು, ಅದಕ್ಕೆ ಗಂಟೆ ಬಾಡಿಗೆ ಜಾಸ್ತಿ, ಕೆಲಸ ನಿಧಾನ. ಕೆಳಗಿನ ಶೇಡಿ ಬಕೆಟ್ಟಿನಲ್ಲೇ ಬರುತ್ತದೆ. ಹಾಗಾಗಿ ಎದುರಿನಿಂದ ಕಡಿಯುವ ಆಪರೇಟರ್ ಸಲೀಸಾದ ಕೆಳಪದರವನ್ನು ಮೊದಲು ಕೊರೆಯುತ್ತಾನೆ. ಮೇಲಿನ ಮುರ ಮನೆಯ ಸೂರಿನಂತೆ ಮುಂದಕ್ಕೆ ಚಾಚಿ ಉಳಿಯುತ್ತದೆ. ಅದು ತಾನಾಗಿಯೇ ಬಿದ್ದರೆ ಬ್ರೇಕರ್ ಖರ್ಚು ಉಳಿಯಿತು ಎಂಬ ಲೆಕ್ಕ. ಬೀಳುತ್ತದೆ ಕೂಡ, ಆದರೆ ಹೇಳಿದ ಹೊತ್ತಿಗಲ್ಲ. ಟನ್‌ಗಟ್ಟಲೆ ತೂಕದ ಹಲಗೆಯೊಂದು ಇಡಿಯಾಗಿ ಕಳಚಿ ಕ್ಯಾಬಿನ್ ಮೇಲೋ ಕೆಳಗೆ ಕಲ್ಲು ಆಯುವವರ ಮೇಲೋ ಬರುತ್ತದೆ. ಅದೇ ಸೂರಿನ ಮೇಲೆ ಇನ್ನೊಂದು ಯಂತ್ರ ನಿಂತಿದ್ದರೆ ಅದೂ ಜೊತೆಗೇ ಇಳಿಯುತ್ತದೆ. ಅಗೆತ ಮೇಲಿನಿಂದ ಕೆಳಕ್ಕೇ ನಡೆಯಬೇಕು, ಬುಡ ಕೊರೆಯುವುದು ಯಾವ ಸಂದರ್ಭದಲ್ಲೂ ಕೂಡದು ಎಂದು ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ಸಂಹಿತೆ ಖಡಾಖಂಡಿತವಾಗಿ ಹೇಳುವುದು ಇದಕ್ಕೇ.

ಅದೇ ಸಂಹಿತೆಯ ಇನ್ನೆರಡು ಅಳತೆಗಳು: 1.5 ಮೀಟರ್ ಅಥವಾ ಅದಕ್ಕಿಂತ ಆಳದ ಕಂದಕದ ಬದಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು ಅಥವಾ ಆನಿಕೆ ಕೊಟ್ಟು ಹಿಡಿಯಬೇಕು. ತೆಗೆದ ಮಣ್ಣನ್ನು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರದಲ್ಲಿ ಹಾಕಬೇಕು. ಆರು ಮೀಟರ್ ಆಳವಿದ್ದರೆ ಮೂರು ಮೀಟರ್ ದೂರ. ಐದು ಸೆಂಟ್ಸ್ ಜಾಗದಲ್ಲಿ ಮೂರು ಮೀಟರ್ ಎಲ್ಲಿಂದ ಬರಬೇಕು? ಬರುವುದಿಲ್ಲ. ಆದ್ದರಿಂದ ಮಣ್ಣು ಅಂಚಿನಲ್ಲೇ ರಾಶಿ ಬೀಳುತ್ತದೆ, ಅದನ್ನು ಒಯ್ಯುವ ಟಿಪ್ಪರ್ ಕೂಡ ಅಂಚಿಗೇ ಹಿಮ್ಮುಖವಾಗಿ ಬಂದು ನಿಲ್ಲುತ್ತದೆ. ಒದ್ದೆ ಶೇಡಿ ಒಂದು ಘನ ಮೀಟರಿಗೆ ಎರಡು ಟನ್ನಿನ ಹತ್ತಿರ ತೂಗುತ್ತದೆ. ಹತ್ತು ಬಕೆಟ್ ರಾಶಿ ಹಾಕಿದರೆ ಅಂಚಿನ ಮೇಲೆ ಇನ್ನೊಂದು ಹಿಟಾಚಿ ನಿಲ್ಲಿಸಿದಂತಾಯಿತು.

ನೀರಿನದು ಇನ್ನೊಂದು ಕಥೆ. ಮಳೆನೀರು ಮುರಕಲ್ಲಿನ ತೂತು, ಬಿರುಕುಗಳ ಮೂಲಕ ಇಳಿದು, ಶೇಡಿ ಎದುರಾದಾಗ ಮುಂದೆ ಇಳಿಯಲಾರದೆ ಎರಡು ಪದರಗಳ ನಡುವೆ ಅಡ್ಡಲಾಗಿ ಹರಿಯುತ್ತದೆ. ಕಡಿದ ಧರೆಯ ಮುಖದಲ್ಲಿ ಒರತೆಯಾಗಿ ಹೊರಬರುತ್ತದೆ. ಒರತೆಯ ನೀರು ತಿಳಿಯಾಗಿದ್ದರೆ ಅದು ಬರೀ ನೀರು. ಬೆಳ್ಳಗೆ ಕದಡಿದ್ದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಅಂಚಿಗೆ ಸಮಾನಾಂತರವಾಗಿ ಮೇಲೆ ಬಿರುಕು ಮೂಡಿದ್ದರೆ, ಪಕ್ಕದ ಕಂಪೌಂಡ್ ಗೋಡೆ ವಾಲಿದ್ದರೆ, ಕೆಲಸ ನಿಲ್ಲಿಸಿ ಯಂತ್ರವನ್ನೂ ಜನರನ್ನೂ ಹಿಂದಕ್ಕೆ ತರಬೇಕಾದ ಹೊತ್ತು. ಮಳೆ ನಿಂತು ಬಿಸಿಲು ಬಂತೆಂದು ಕೆಲಸ ಶುರುಮಾಡುವುದೂ ಸುರಕ್ಷಿತವಲ್ಲ. ಮೇಲೆ ಬಿದ್ದ ನೀರು ಆ ಪದರದವರೆಗೆ ಇಳಿಯಲು ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು. ಧರೆ ಜರಿಯುವುದು ಎಷ್ಟೋ ಸಲ ಹೊಳವಾದ ಮೇಲೆ.

2024ರ ಜುಲೈ ಮೊದಲ ವಾರ ಮಂಗಳೂರಿನ ಬಲ್ಮಠದ ಕಟ್ಟಡ ಸೈಟಿನಲ್ಲಿ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಸಿಲುಕಿದ್ದರು. ಒಬ್ಬರು ಬದುಕಿ ಬಂದರು, ಇನ್ನೊಬ್ಬರು ಉಳಿಯಲಿಲ್ಲ. ಅದೇ ಮಳೆಗಾಲದಲ್ಲಿ ವಾಮಂಜೂರು ಬಳಿ ಹೆದ್ದಾರಿ ಅಗಲೀಕರಣಕ್ಕೆ ಕಡಿದ ಕೆತ್ತಿಕಲ್ ಗುಡ್ಡದ ಬಗ್ಗೆಯೂ ಆತಂಕ ಎದ್ದಿತ್ತು. ಒಂದು ನಗರದ ನಡುವಿನ ಖಾಸಗಿ ಸೈಟು, ಇನ್ನೊಂದು ಹೆದ್ದಾರಿ ಕಾಮಗಾರಿ. ಮಳೆಗಾಲದಲ್ಲಿ ಎರಡೂ ಕಡೆ ಎದುರಾಗುವ ಪ್ರಶ್ನೆ ಒಂದೇ: ನೆಟ್ಟಗೆ ಕಡಿದ ಮಣ್ಣು ಎಷ್ಟು ನೀರು ತಡೆದೀತು?

ಅಂಚಿನಲ್ಲಿ ಯಂತ್ರ ನಿಲ್ಲಿಸುವ ಬಗೆ

ಹಿಟಾಚಿಯ ಚೈನ್ ಅಗೆತದ ಅಂಚಿಗೆ ಲಂಬವಾಗಿರಬೇಕು, ಸಮಾನಾಂತರವಾಗಿ ಅಲ್ಲ. ಚೈನನ್ನು ಓಡಿಸುವ ಟ್ರಾವೆಲ್ ಮೋಟಾರ್ ಇರುವ ಸ್ಪ್ರಾಕೆಟ್ (ಹಲ್ಲುಚಕ್ರ) ಬದಿ ಹಿಂದೆ ಇರಬೇಕು. ಹೀಗೆ ನಿಂತರೆ ನೆಲ ಕುಸಿಯುವ ಸೂಚನೆ ಸಿಕ್ಕ ಕೂಡಲೇ ನೇರ ಹಿಂದಕ್ಕೆ ಸರಿಯಬಹುದು. ಸಮಾನಾಂತರವಾಗಿ ನಿಂತರೆ ಒಂದು ಬದಿಯ ಚೈನ್ ಕೆಳಗಿನ ನೆಲ ಹೋದರೂ ಸಾಕು, ಯಂತ್ರ ಪಕ್ಕಕ್ಕೆ ಮಗುಚುತ್ತದೆ, ತಪ್ಪಿಸಿಕೊಳ್ಳಲು ಸಮಯವಿರುವುದಿಲ್ಲ. ಸ್ಪ್ರಾಕೆಟ್ ಮುಂದಿದ್ದರೆ ಟ್ರಾವೆಲ್ ಲಿವರ್ ಉಲ್ಟಾ ಕೆಲಸ ಮಾಡುತ್ತದೆ. ಗಾಬರಿಯಲ್ಲಿ ಹಿಂದಕ್ಕೆ ಎಂದು ಎಳೆದ ಆಪರೇಟರ್ ಮುಂದಕ್ಕೇ ಹೋಗುತ್ತಾನೆ. ಎಷ್ಟು ದೂರ ನಿಲ್ಲಬೇಕು ಎಂಬುದಕ್ಕೆ ಸ್ಥೂಲ ಲೆಕ್ಕ: ಅಗೆತದ ಬುಡದಿಂದ 45 ಡಿಗ್ರಿ ಓರೆಯಲ್ಲಿ ಮೇಲಕ್ಕೆ ಗೆರೆ ಎಳೆದರೆ ಅದು ನೆಲ ಮುಟ್ಟುವಲ್ಲಿಂದ ಹಿಂದೆ. ನೆನೆದ ಶೇಡಿಗೆ ಅದೂ ಸಾಲದು. ಆಳ ಹೆಚ್ಚಿದ್ದಲ್ಲಿ ಒಂದೇ ಏಟಿಗೆ ಇಳಿಯದೆ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಯಂತ್ರವನ್ನು ಇಳಿಸಿಕೊಂಡು ಬರುವುದೊಂದೇ ದಾರಿ. ಮೇಲ್ಭಾಗದಲ್ಲಿ ನೀರು ತಿರುಗಿಸುವ ಚರಂಡಿ, ಮುಖಕ್ಕೆ ಟಾರ್ಪಾಲ್. ನೀರೆತ್ತುವ ಪಂಪಿನ ಗುಂಡಿ ಧರೆಯ ಬುಡದಲ್ಲಲ್ಲ, ಅಗೆತದ ನಡುವೆ.

ಮಗುಚಿದಾಗ ಸಾಯುವವರು ಹೆಚ್ಚಾಗಿ ಹೊರಗೆ ಹಾರಲು ಹೋದವರು, ಯಂತ್ರದ ಅಡಿಗೇ ಬೀಳುವುದರಿಂದ. ಸೀಟ್ ಬೆಲ್ಟ್ ಕಟ್ಟಿಕೊಂಡು ಕ್ಯಾಬಿನ್ನಿನೊಳಗೇ ಗಟ್ಟಿಯಾಗಿ ಹಿಡಿದು ಕೂರುವವನಿಗೆ ಬದುಕುವ ಅವಕಾಶ ಹೆಚ್ಚು. ಬೆಲ್ಟನ್ನು ಸೀಟಿನ ಹಿಂದಕ್ಕೆ ಸಿಕ್ಕಿಸಿಟ್ಟಿರುವುದೇ ಇಲ್ಲಿ ವಾಡಿಕೆ.

ಸುತ್ತ ನಿಂತವರ ವಿಷಯ. ಹಿಟಾಚಿಯ ಕ್ಯಾಬಿನ್ ಎಡಕ್ಕಿದೆ. ಬೂಮ್ (ಯಂತ್ರದ ತೋಳು) ಮರೆಯಿಂದ ಬಲಬದಿಯೂ ಹಿಂಬದಿಯೂ ಆಪರೇಟರ್‌ಗೆ ಕಾಣುವುದಿಲ್ಲ. ಯಂತ್ರ ತಿರುಗಿದಾಗ ಹಿಂದಿನ ಕೌಂಟರ್‌ವೇಟ್ (ಸಮತೋಲನದ ಭಾರ) ಚೈನಿನ ಅಂಚನ್ನು ಮೀರಿ ಹೊರಚಾಚುತ್ತದೆ, ಗೋಡೆಗೂ ಯಂತ್ರಕ್ಕೂ ನಡುವೆ ನಿಂತವನು ಸಿಕ್ಕಿಬೀಳುತ್ತಾನೆ. ಇಕ್ಕಟ್ಟಾದ ಸೈಟಿನಲ್ಲಿ ಆ ಸಂದನ್ನು ಹಗ್ಗ ಕಟ್ಟಿ ಮುಚ್ಚಬೇಕು. ಸಿಗ್ನಲ್ ಕೊಡುವವನು ಒಬ್ಬನೇ ಇರಬೇಕು. ತುಳು, ಕನ್ನಡ, ಹಿಂದಿ, ಬಂಗಾಳಿ ನಾಲ್ಕೂ ಕೇಳಿಬರುವ ನಮ್ಮ ಸೈಟುಗಳಲ್ಲಿ ಕೂಗಿ ಹೇಳುವುದಕ್ಕಿಂತ ಕೈಸನ್ನೆಯೇ ಭದ್ರ.

ಭಾರ ಎತ್ತಿಕೊಂಡೇ ಓಡಾಡುವ ಹೈಡ್ರಾ ಕ್ರೇನಿನ ಬಗ್ಗೆ ಒಂದು ಮಾತು. 14 ಟನ್ ಎಂದು ಬರೆದಿರುವುದು ಬೂಮ್ ಪೂರ್ತಿ ಒಳಗಿರುವಾಗ, ಸಮತಟ್ಟು ಗಟ್ಟಿ ನೆಲದಲ್ಲಿ, ನೇರ ನಿಂತಾಗಿನ ಲೆಕ್ಕ. ಬೂಮ್ ಚಾಚಿದಂತೆ, ಸ್ಟಿಯರಿಂಗ್ ತಿರುಗಿದಂತೆ ಎತ್ತುವ ಸಾಮರ್ಥ್ಯ ಹಲವು ಪಟ್ಟು ಇಳಿಯುತ್ತದೆ. ತೂಗುವ ಕಬ್ಬಿಣದ ಕಟ್ಟನ್ನು ಕೈಯಲ್ಲಿ ಹಿಡಿದು ಕ್ರೇನಿನ ಮುಂದೆ ನಡೆಯುವ ಹುಡುಗನಿಗೆ ಎಷ್ಟು ಚಾಚಿದರೆ ಎಷ್ಟು ಎತ್ತಬಹುದೆಂಬ ಚಾರ್ಟ್ ಕ್ಯಾಬಿನ್ನಿನಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಅವನ ಕೈಗೆ ಉದ್ದದ ಹಗ್ಗ ಕೊಟ್ಟು ಪಕ್ಕಕ್ಕೆ ಸರಿಸಿದರೆ ಅರ್ಧ ಅಪಾಯ ಹೋಯಿತು.

ಯಾರು ಏನು ಹೇಳುತ್ತಾರೆ

ಬಿಲ್ಡರ್‌ಗಳ ವಾದ: ಮಳೆಗಾಲದಲ್ಲಿ ಅಗೆತ ನಿಲ್ಲಿಸಿ ಎನ್ನುವುದು ಸುಲಭ, ಆದರೆ ಅರ್ಧ ತೋಡಿದ ಗುಂಡಿಯನ್ನು ಹಾಗೇ ಬಿಟ್ಟರೆ ಅಪಾಯ ಇನ್ನೂ ಹೆಚ್ಚು, ತಡೆಗೋಡೆ ಮುಗಿಸಲು ಬಿಡಿ. ಇದರಲ್ಲಿ ಹುರುಳಿದೆ. ಆನಿಕೆಯಿಲ್ಲದ ತೆರೆದ ಗುಂಡಿ ಜುಲೈ ದಾಟುವುದು ಯಾರಿಗೂ ಒಳ್ಳೆಯದಲ್ಲ. ಆದರೆ ತಡೆಗೋಡೆ ಕೆಲಸ ಜೂನ್‌ವರೆಗೆ ಬಾಕಿ ಉಳಿದದ್ದು ಏಕೆ ಎಂಬುದಕ್ಕೆ ಆ ವಾದದಲ್ಲಿ ಉತ್ತರವಿಲ್ಲ. ಏಪ್ರಿಲ್‌ನಲ್ಲಿ ಅಗೆತ ಶುರುಮಾಡಿದವರಿಗೆ ಮಳೆಯ ತಾರೀಖು ಗೊತ್ತಿರಲಿಲ್ಲವೇ?

ಯಂತ್ರದ ಮಾಲೀಕರು ಹೇಳುವುದು ಬೇರೆ. ಬ್ಯಾಂಕ್ ಕಂತು ತಿಂಗಳು ತಿಂಗಳು ಕಟ್ಟಬೇಕು, ಬಾಡಿಗೆ ಸಿಗುವುದು ಗಂಟೆ ಲೆಕ್ಕದಲ್ಲಿ. ಮಣ್ಣು ಪರೀಕ್ಷೆ ಮಾಡಿಸುವುದು, ಎಲ್ಲಿ ಕಡಿಯಬೇಕೆಂದು ತೋರಿಸುವುದು ಕೆಲಸ ಕೊಟ್ಟವರ ಹೊಣೆ. ಗಂಟೆ ಬಾಡಿಗೆಯೇ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದೂ ನಿಜ: ಮೆಟ್ಟಿಲು ಕಡಿಯಲು ಬೇಕಾದ ಹೆಚ್ಚುವರಿ ಗಂಟೆಗೆ ಹಣ ಕೊಡುವವನು ಮನೆಯ ಯಜಮಾನ, ಅವನ ಕಣ್ಣಿಗೆ ಅದು ಆಪರೇಟರ್ ಗಂಟೆ ಎಳೆಯುವ ಉಪಾಯ.

ಕಾರ್ಮಿಕ ಸಂಘಟನೆಗಳ ಆಕ್ಷೇಪ ಸಂಹಿತೆಯ ಮೇಲೆಯೇ. ಇನ್‌ಸ್ಪೆಕ್ಟರ್ ಈಗ 'ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್'. ಯಾವ ಸೈಟಿಗೆ ಹೋಗಬೇಕೆಂಬುದನ್ನು ಕಂಪ್ಯೂಟರ್ ಆರಿಸುವ ಪದ್ಧತಿಗೆ ಅವಕಾಶವಿದೆ. ತಪಾಸಣೆ ಮೊನಚು ಕಳೆದುಕೊಳ್ಳುತ್ತದೆ ಎಂಬುದು ಅವರ ಭಯ. ಕಿರುಕುಳ ಕಡಿಮೆಯಾಗುತ್ತದೆ ಎಂಬುದು ಸರ್ಕಾರದ ಸಮರ್ಥನೆ. ಎರಡು ವಾರದಲ್ಲಿ ಮುಗಿದುಹೋಗುವ ಅಗೆತದ ಮಟ್ಟಿಗೆ ಹೇಳುವುದಾದರೆ, ಯಾದೃಚ್ಛಿಕ ತಪಾಸಣೆ ಸರಿಯಾದ ಹೊತ್ತಿಗೆ ಬರುವ ಸಾಧ್ಯತೆ ತೀರ ಕಡಿಮೆ. ಇಲ್ಲಿ ಸಂಘಟನೆಗಳ ಮಾತೇ ಹೆಚ್ಚು ತೂಕದ್ದು. ಸನ್ನಿಹಿತ ಅಪಾಯ ಕಂಡ ಕಾರ್ಮಿಕ ಅದನ್ನು ಮಾಲೀಕನಿಗೂ ಇನ್‌ಸ್ಪೆಕ್ಟರ್‌ಗೂ ತಿಳಿಸುವ ಹಕ್ಕು ಸಂಹಿತೆಯಲ್ಲಿದೆ ನಿಜ. ದಿನಗೂಲಿಗೆ ಬಂದವನು ಅದನ್ನು ಬಳಸಿದ ಮರುದಿನ ಅವನಿಗೆ ಕೆಲಸ ಇರುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಹೊಣೆ ಯಾರ ತಲೆಗೆ

ಅಪಘಾತವಾದ ಕೂಡಲೇ ಪೊಲೀಸರ ಕೈಗೆ ಮೊದಲು ಸಿಗುವವನು ಆಪರೇಟರ್. ನಿರ್ಲಕ್ಷ್ಯದಿಂದ ಸಾವು ಎಂಬ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯಲ್ಲಿ ಗರಿಷ್ಠ ಎರಡು ವರ್ಷ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಅದನ್ನು ಐದು ವರ್ಷಕ್ಕೆ ಏರಿಸಿದೆ. ಸೈಟ್ ಎಂಜಿನಿಯರ್, ಗುತ್ತಿಗೆದಾರರ ಮೇಲೂ ಇದೇ ಸೆಕ್ಷನ್ ಬೀಳಬಹುದು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ವಿನ್ಯಾಸ ಮಾಡುವ ಆರ್ಕಿಟೆಕ್ಟ್ ಮತ್ತು ಎಂಜಿನಿಯರ್‌ಗಳ ಕರ್ತವ್ಯವನ್ನೂ ಪ್ರತ್ಯೇಕವಾಗಿ ಬರೆದಿದೆ. ನಕ್ಷೆಯಲ್ಲಿ ಎರಡು ತಳಮಹಡಿ ತೋರಿಸಿ, ಮಣ್ಣು ಹೇಗೆ ಹಿಡಿದಿಡಬೇಕೆಂದು ತೋರಿಸದವರಿಗೆ ಇದು ಮುಂದೆ ಕಷ್ಟ ತರಲಿದೆ. ಪರಿಹಾರದ ಹಣದ ವಿಷಯದಲ್ಲಿ, ಗುತ್ತಿಗೆದಾರನ ಮೂಲಕ ಬಂದ ಕಾರ್ಮಿಕನಿಗೂ ಮೂಲ ಮಾಲೀಕ ಹೊಣೆಯಾಗುವ ತತ್ವ ಹಳೆಯ ಕಾನೂನಿನಲ್ಲೇ ಇತ್ತು, ಈಗಲೂ ಇದೆ. "ಮೇಸ್ತ್ರಿ ಕರೆತಂದವನು, ನನಗೆ ಗೊತ್ತಿಲ್ಲ" ಎಂಬ ಉತ್ತರ ನಿಲ್ಲುವುದಿಲ್ಲ.

ಈಗಿನ ಅಂದಾಜಿನಲ್ಲಿ ಮೊದಲು ಬದಲಾಗುವುದು ದೊಡ್ಡ ಸೈಟುಗಳು: ಸುರಕ್ಷತಾ ಅಧಿಕಾರಿ, ದಾಖಲೆ, ಆಪರೇಟರ್ ಪ್ರಮಾಣಪತ್ರ ಎಲ್ಲ ಬರಲಿವೆ. ಪ್ರಮಾಣಪತ್ರವಿಲ್ಲದ ಆಪರೇಟರ್‌ಗಳೂ ಹಳೆಯ ಯಂತ್ರಗಳೂ ಆಗ ಸಣ್ಣ ಸೈಟುಗಳ ಕಡೆ ಸರಿಯುತ್ತವೆ, ಅಂದರೆ 50 ಲಕ್ಷದ ವಿನಾಯಿತಿಯ ಒಳಗೆ. ಅಲ್ಲಿ ಉಳಿಯುವ ತಡೆ ಒಂದೇ, ಕಟ್ಟಡ ಪರವಾನಗಿ ಕೊಡುವ ಪಂಚಾಯತ್ ಅಥವಾ ನಗರ ಸಂಸ್ಥೆ. ಧರೆಯ ಎತ್ತರ ಇಂತಿಷ್ಟು ಮೀರಿದರೆ ಮಣ್ಣಿನ ವರದಿ ಮತ್ತು ತಡೆಗೋಡೆಯ ನಕ್ಷೆ ಇಲ್ಲದೆ ಅಗೆತಕ್ಕೆ ಅನುಮತಿಯಿಲ್ಲ ಎಂದು ಅವು ಷರತ್ತು ಹಾಕಬಲ್ಲವು.

ಅಲ್ಲಿಯವರೆಗೆ ಬಾಡಿಗೆ ಚೀಟಿಯೇ ಆಧಾರ. ಈಗ ಅದರಲ್ಲಿ ಇರುವುದು ದಿನಾಂಕ, ಗಂಟೆ, ಡೀಸೆಲ್, ಮೊತ್ತ. ಅದಕ್ಕೆ ಇನ್ನೈದು ಸಾಲು ಸೇರಿಸಲು ಖರ್ಚಿಲ್ಲ: ಆಪರೇಟರ್‌ನ ಹೆಸರು ಮತ್ತು ಲೈಸೆನ್ಸ್ ಅಥವಾ ಪ್ರಮಾಣಪತ್ರದ ಸಂಖ್ಯೆ; ಯಂತ್ರದ ವಿಮೆ ಸೈಟಿನೊಳಗಿನ ಕೆಲಸಕ್ಕೂ ಅನ್ವಯಿಸುತ್ತದೆಯೇ; ಎಷ್ಟು ಆಳ, ಎಷ್ಟು ಮೆಟ್ಟಿಲು; ಎಲ್ಲಿ ಕಡಿಯಬೇಕೆಂದು ತೋರಿಸಿದವರ ಸಹಿ; ಮಳೆ ಅಥವಾ ಬಿರುಕಿನಿಂದ ಯಂತ್ರ ಸುಮ್ಮನೆ ನಿಂತ ಗಂಟೆಗೆ ಬಾಡಿಗೆ ಕೊಡುವವರು ಯಾರು. ಕೊನೆಯ ಸಾಲಿನ ಬಗ್ಗೆ ಮೊದಲೇ ಒಪ್ಪಂದವಿದ್ದರೆ, ಬಿರುಕು ಕಂಡಾಗ ಲಿವರ್ ಬಿಡಲು ಆಪರೇಟರ್ ಯಾರ ಮುಖವನ್ನೂ ನೋಡಬೇಕಾಗಿಲ್ಲ.